ಜೀಪಿನ ಅಡಿಗೂ ಒಮ್ಮೆ ಬಗ್ಗಿ ನೋಡಿ: ಸಾರಿಗೆ ಆಯುಕ್ತರಿಗೊಂದು ಬಹಿರಂಗ ಪತ್ರ

ಸಾರಿಗೆ ಆಯುಕ್ತರಿಗೆ,
ಶಾಂತಿನಗರ, ಬೆಂಗಳೂರು

ಮಾನ್ಯರೇ, ನಮಸ್ಕಾರ.

ಮನೆಯ ಶೆಡ್ಡಿನಲ್ಲೇ ಜೀಪು ಬಿಚ್ಚಿ ಕಟ್ಟುವ ಮಲೆನಾಡಿನವರ ಪರವಾಗಿ ಈ ಪತ್ರ ಬರೆಯುತ್ತಿದ್ದೇನೆ. ಯಾರೂ ನನ್ನನ್ನು ಆರಿಸಿ ಕಳಿಸಿಲ್ಲ. ನಾನೊಬ್ಬ ಸಣ್ಣ ಕಾಫಿ ಬೆಳೆಗಾರ. ಮನೆಯಲ್ಲಿ ಹಳೇ ಮಹೀಂದ್ರ ಎಂಎಂ540 ಇದೆ. ಅದರ ಹೆಚ್ಚುಕಡಿಮೆ ಎಲ್ಲ ಬೋಲ್ಟುಗಳನ್ನೂ ನಾನೋ ಪಕ್ಕದ ತೋಟದವರೋ ಒಂದಲ್ಲ ಒಂದು ಸಲ ಬಿಚ್ಚಿದ್ದೇವೆ.

ಕೇಳುವುದು ಇಷ್ಟೇ. ಯಾವುದು ರಿಪೇರಿ, ಯಾವುದು ಮಾರ್ಪಾಡು ಅಂತ ನಿಮ್ಮ ಇಲಾಖೆ ಒಂದು ಸುತ್ತೋಲೆಯಲ್ಲಿ ಬಿಡಿಸಿ ಹೇಳಲಿ. ಮನೆಯಲ್ಲಿ ಮಾಡಿದ ಕೆಲಸವನ್ನು ತಂದು ತೋರಿಸಿ, ಪರೀಕ್ಷೆ ಮಾಡಿಸಿ, ಒಪ್ಪಿಗೆ ಪಡೆಯೋಕೆ ಒಂದು ದಾರಿ ಇರಲಿ. ಈಗ ಅಂಥ ದಾರಿ ಇಲ್ಲ. ಹಾಗಾಗಿ ಒಳ್ಳೆ ಕೆಲಸ ಮಾಡಿದವನೂ ಮುಚ್ಚಿಡುತ್ತಾನೆ, ಕೆಟ್ಟ ಕೆಲಸ ಮಾಡಿದವನೂ ಮುಚ್ಚಿಡುತ್ತಾನೆ. ನಿಮ್ಮ ಇನ್‌ಸ್ಪೆಕ್ಟರ್ ಕಣ್ಣಿಗೆ ಇಬ್ಬರೂ ಒಂದೇ.

ಮನೆಯಲ್ಲೇ ಯಾಕೆ ಮಾಡಬೇಕು, ಗ್ಯಾರೇಜಿಗೆ ಹೋಗಬಾರದಾ ಅಂತ ಪೇಟೆಯವರು ಕೇಳುತ್ತಾರೆ. ಹೋಗುತ್ತೇವೆ. ಆದರೆ ನಮ್ಮ ಗಾಡಿಗಳ ವಯಸ್ಸು ನೋಡಿ. ಮಹೀಂದ್ರದವರು ವಿಲ್ಲಿಸ್ ಜೀಪನ್ನು ಇಲ್ಲಿ ಜೋಡಿಸೋಕೆ ಶುರು ಮಾಡಿದ್ದು 1940ರ ದಶಕದ ಕೊನೆಗೆ. ಆಮೇಲೆ ಸಿಜೆ-3ಬಿ ಬಂತು. ಪ್ಯೂಜೊ ಡೀಸೆಲ್ ಎಂಜಿನ್ನಿನ ಎಂಎಂ540 ಬಂತು. ಎಂಎಂ550, ಮೇಜರ್ ಬಂದವು. ಮಾರುತಿ ಜಿಪ್ಸಿ 1985ರಲ್ಲಿ ಬಂದಿದ್ದು 2019ರ ಹೊತ್ತಿಗೆ ಷೋರೂಮಿನಿಂದ ಮರೆಯಾಯಿತು. ಸೇನೆಯ ಹರಾಜಿನಲ್ಲಿ ಕೊಂಡ ಜೋಂಗಾ, ಜಿಪ್ಸಿಗಳೂ ನಮ್ಮ ಕಡೆ ಓಡುತ್ತವೆ. ಇವತ್ತಿನ ಷೋರೂಮಿನ ಹುಡುಗ ಕಂಪ್ಯೂಟರ್ ಕೇಬಲ್ ಚುಚ್ಚೋಕೆ ಜಾಗ ಹುಡುಕುತ್ತಾನೆ. ಹಳೇ ಜೀಪಿನಲ್ಲಿ ಆ ಜಾಗವೇ ಇಲ್ಲ. ಸ್ಟೇರಿಂಗ್ ತಿರುಗಿಸಿದಾಗ ಮುಂದಿನ ಚಕ್ರ ಹೊರಳುವ ಕಿಂಗ್ ಪಿನ್ನಿನ ಕೆಳಗೆ ಎಷ್ಟು ದಪ್ಪದ ಶಿಮ್ (ತೆಳು ತಗಡು) ಹಾಕಬೇಕು ಅಂತ ಕೈಯಲ್ಲೇ ಅಂದಾಜು ಹೇಳುತ್ತಿದ್ದ ಮೇಸ್ತ್ರಿಗಳಿಗೆ ವಯಸ್ಸಾಯಿತು. ಅವರ ಮಕ್ಕಳು ಬೇರೆ ಕೆಲಸ ಹಿಡಿದರು. ಸಾಮಾನಿಗೆ ಬೆಂಗಳೂರಿನ ಜೆ.ಸಿ. ರಸ್ತೆಗೆ ಹೋಗಬೇಕು. ಅಲ್ಲಿ ಸಿಗದಿದ್ದರೆ ಶಿವಾಜಿನಗರದ ಗುಜರಿ ಅಂಗಡಿಗಳು.

ಜೂನ್‌ನಲ್ಲಿ ಮಳೆ ಹಿಡಿದರೆ ತೋಟದ ರಸ್ತೆಯಲ್ಲಿ ಜೀಪು ಬಿಟ್ಟು ಬೇರೆ ಯಾವುದೂ ಏರುವುದಿಲ್ಲ. ಗೊಬ್ಬರ ಹೋಗಬೇಕು, ಆಳುಗಳು ಬರಬೇಕು, ಹೊತ್ತಲ್ಲದ ಹೊತ್ತಲ್ಲಿ ಯಾರಿಗಾದರೂ ಹುಷಾರು ತಪ್ಪಿದರೆ ಆಸ್ಪತ್ರೆಗೆ ಒಯ್ಯಬೇಕು. ಸಕಲೇಶಪುರ, ಆಲೂರು ಕಡೆ ಆನೆ ಓಡಾಡುವ ದಾರಿಗಳಿವೆ. ಕತ್ತಲಾದ ಮೇಲೆ ಅಲ್ಲಿ ಜೀಪು ಕೆಟ್ಟು ನಿಂತರೆ ಮೆಕ್ಯಾನಿಕ್ಕಿಗೆ ಫೋನ್ ಮಾಡಿ ಕಾಯುತ್ತಾ ಕೂರೋಕೆ ಆಗುತ್ತದಾ? ಸ್ಪ್ಯಾನರ್ ಹಿಡಿಯೋಕೆ ಕಲಿಯಲೇಬೇಕು. 2018ರ ಆಗಸ್ಟ್‌ನಲ್ಲಿ ಕೊಡಗಿನಲ್ಲಿ ಗುಡ್ಡಗಳು ಕುಸಿದಾಗ ರಸ್ತೆ ಕಡಿದುಹೋದ ಊರುಗಳ ಕಡೆ ಹೊರಟ ಗಾಡಿಗಳಲ್ಲಿ ಇಂಥ ಮನೆ ರಿಪೇರಿಯ ಜೀಪುಗಳೂ ಇದ್ದವು.

ಈಗ ಕಾನೂನಿನ ಮಾತು. ನಾನು ವಕೀಲನಲ್ಲ, ಆದರೆ ನನ್ನ ಜೀಪಿಗೆ ತಾಗುವ ಭಾಗವನ್ನು ಕೂತು ಓದಿದ್ದೇನೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ಆರ್‌ಸಿಯಲ್ಲಿರುವ ವಿವರ ಕಂಪನಿ ಮೂಲದಲ್ಲಿ ಹೇಳಿದ್ದಕ್ಕಿಂತ ಬೇರೆ ಆಗುವಂತೆ ಗಾಡಿಯನ್ನು ಬದಲಾಯಿಸುವ ಹಾಗಿಲ್ಲ. 2019ರ ಜನವರಿಯಲ್ಲಿ ಕೇರಳದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಗಟ್ಟಿ ಮಾಡಿತು. ಅದೇ ವರ್ಷ ಕಾಯ್ದೆಗೆ ತಿದ್ದುಪಡಿ ಬಂದು 182ಎ ಸೆಕ್ಷನ್ ಸೇರಿತು. ಒಪ್ಪಿಗೆ ಇಲ್ಲದೆ ಬದಲಾವಣೆ ಮಾಡಿದರೆ, ಹೊಸ ಬಿಡಿಭಾಗ ಕೂರಿಸಿದ್ದೂ ಸೇರಿ, ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ, ಇಲ್ಲವೇ 6 ತಿಂಗಳವರೆಗೆ ಜೈಲು, ಇಲ್ಲವೇ ಎರಡೂ.

ಕಾನೂನು ಬೇಡ ಅನ್ನುತ್ತಿಲ್ಲ. ಆದರೆ ಅದೇ 52ನೇ ಸೆಕ್ಷನ್ನಿನ ಕೊನೆಗೆ ಒಂದು ವಿವರಣೆ ಇದೆ. ಗಾಡಿಯ ಮೂಲ ಲಕ್ಷಣವೇ ಬದಲಾಗುವಂತೆ ಅದರ ರಚನೆಯನ್ನು ಬದಲಿಸಿದರೆ ಅದು ಮಾರ್ಪಾಡು ಅಂತ ಅದು ಹೇಳುತ್ತದೆ. ಹಾಗಾದರೆ ಸವೆದ ಲೀಫ್ ಸ್ಪ್ರಿಂಗ್ ತೆಗೆದು ಹೊಸ ಸೆಟ್ ಹಾಕಿದರೆ? ತುಕ್ಕು ತಿಂದ ಚಾಸಿಗೆ ಪ್ಲೇಟ್ ಇಟ್ಟು ಬೆಸುಗೆ ಹಾಕಿದರೆ? ಮೂಲ ಸ್ಟೇರಿಂಗ್ ಬಾಕ್ಸ್ ಎಲ್ಲೂ ಸಿಗದೆ, ಅದೇ ಕಂಪನಿಯ ನಂತರದ ಮಾಡೆಲ್ಲಿನ ಬಾಕ್ಸ್ ಕೂರಿಸಿದರೆ? ಉತ್ತರ ಒಬ್ಬ ಇನ್‌ಸ್ಪೆಕ್ಟರಿಂದ ಇನ್ನೊಬ್ಬ ಇನ್‌ಸ್ಪೆಕ್ಟರಿಗೆ ಬೇರೆ. ಒಂದು ಕಚೇರಿಯಲ್ಲಿ ಸರಿ, ಘಾಟಿ ಇಳಿದರೆ ತಪ್ಪು.

ಆರ್‌ಸಿಯನ್ನೇ ತೆಗೆದು ನೋಡಿ. ಬಣ್ಣ ಇದೆ. ಸೀಟು ಎಷ್ಟು ಅಂತ ಇದೆ. ಸಿಲಿಂಡರ್ ಎಷ್ಟು, ವೀಲ್‌ಬೇಸ್ ಎಷ್ಟು, ಖಾಲಿ ಗಾಡಿಯ ತೂಕ ಎಷ್ಟು, ಎಲ್ಲಾ ಇದೆ. ಬ್ರೇಕಿನ ಬಗ್ಗೆ ಒಂದು ಅಕ್ಷರ ಇಲ್ಲ. ಸ್ಟೇರಿಂಗ್ ಬಗ್ಗೆ ಇಲ್ಲ. ಹಸಿರು ಜೀಪಿಗೆ ಬಿಳಿ ಬಣ್ಣ ಹೊಡೆದರೆ ತಕ್ಷಣ ಸಿಕ್ಕಿಬೀಳುತ್ತೇನೆ. ಬ್ರೇಕ್ ಪೈಪು ತುಕ್ಕು ಹಿಡಿದು ಕಾಗದದಷ್ಟು ತೆಳ್ಳಗಾಗಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ.

ಬ್ರೇಕಿನ ಬಗ್ಗೆ ಸ್ವಲ್ಪ ಜಾಸ್ತಿ ಬರೆಯುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ವಿಲ್ಲಿಸ್ ಮತ್ತು ಸಿಜೆ-3ಬಿ ಕಾಲದ ಜೀಪುಗಳಲ್ಲಿ ನಾಲ್ಕೂ ಚಕ್ರಕ್ಕೆ ಒಂದೇ ಬ್ರೇಕ್ ಲೈನು. ಪೆಡಲ್ ಒತ್ತಿದಾಗ ಬ್ರೇಕ್ ಎಣ್ಣೆಯನ್ನು ಲೈನಿಗೆ ತಳ್ಳುವ ಮಾಸ್ಟರ್ ಸಿಲಿಂಡರಿನಲ್ಲಿ ಇರುವುದು ಒಂದೇ ಕೋಣೆ. ಎಲ್ಲೋ ಒಂದು ಕಡೆ ಪೈಪು ಒಡೆದರೆ, ಇಲ್ಲಾ ಒಂದು ವೀಲ್ ಸಿಲಿಂಡರಿನ ರಬ್ಬರ್ ಹೋದರೆ, ಪೆಡಲ್ ನೇರ ನೆಲಕ್ಕೆ. ನಾಲ್ಕೂ ಚಕ್ರ ಬಿಟ್ಟುಕೊಡುತ್ತವೆ. ಬಿಸಿಲೆ ಘಾಟಿ ಇಳಿಯುವಾಗ ಹಾಗಾದರೆ ಏನು ಗತಿ? ಮತ್ತೆ, ನಾಲ್ಕೂ ಡ್ರಮ್ ಬ್ರೇಕು. ಹಳ್ಳ ದಾಟಿದ ಮೇಲೆ ಡ್ರಮ್ಮಿನೊಳಗೆ ನೀರು ನಿಂತು ಲೈನರ್ ಹಿಡಿಯುವುದಿಲ್ಲ. ಕೆಸರು ಹೊಕ್ಕರೆ ಅದು ಒಳಗೇ ಉಜ್ಜಿ ಉಜ್ಜಿ ಡ್ರಮ್ಮನ್ನೂ ಲೈನರನ್ನೂ ತಿನ್ನುತ್ತದೆ. ಹಾಗಾಗಿ ನಮ್ಮಲ್ಲಿ ತಿಳಿದವರು ಎರಡು ಕೆಲಸ ಮಾಡುತ್ತಾರೆ. ಒಂದು, ನಂತರದ ಗಾಡಿಯ ಎರಡು ಕೋಣೆಯ ಮಾಸ್ಟರ್ ಸಿಲಿಂಡರ್ ಹಾಕಿ ಮುಂದಿನ ಲೈನು, ಹಿಂದಿನ ಲೈನು ಬೇರೆ ಮಾಡುತ್ತಾರೆ. ಒಂದು ಹೋದರೂ ಇನ್ನೊಂದು ಇರುತ್ತದೆ. ಇನ್ನೊಂದು, ಮುಂದಿನ ಚಕ್ರಕ್ಕೆ ಡಿಸ್ಕ್ ಬ್ರೇಕ್ ಕೂರಿಸುತ್ತಾರೆ. ನೀರಿನಿಂದ ಮೇಲೆ ಬಂದ ಕೂಡಲೇ ಡಿಸ್ಕ್ ತನ್ನ ಮೇಲಿನ ನೀರನ್ನು ಕೊಡವಿಕೊಳ್ಳುತ್ತದೆ.

ಇದನ್ನು ಮನೆಯಲ್ಲಿ ಮಾಡಬಹುದು. ಸುಮ್ನೆ ಮಾಡೋಕೆ ಮಾತ್ರ ಆಗುವುದಿಲ್ಲ. ಪೈಪಿನ ತುದಿಯನ್ನು ಡಬಲ್ ಫ್ಲೇರ್ ಮಾಡಬೇಕು, ಅಂದರೆ ಅಗಲಿಸಿ ಎರಡು ಪದರವಾಗಿ ಮಡಚಬೇಕು. ಆ ಟೂಲ್ ಇಲ್ಲದಿದ್ದರೆ ಆ ಕೆಲಸಕ್ಕೆ ಕೈ ಹಾಕಬಾರದು. ಪೆಡಲಿನ ಪುಶ್‌ರಾಡ್‌ಗೂ ಪಿಸ್ಟನ್ನಿಗೂ ನಡುವೆ ಕೂದಲೆಳೆ ಜಾಗ ಬಿಡಬೇಕು, ಇಲ್ಲದಿದ್ದರೆ ಬ್ರೇಕ್ ಹಿಡಿದುಕೊಂಡೇ ಇರುತ್ತದೆ. ಸ್ಟೇರಿಂಗನ್ನು ಪೂರ್ತಿ ಎಡಕ್ಕೆ, ಪೂರ್ತಿ ಬಲಕ್ಕೆ ತಿರುಗಿಸಿ ರಬ್ಬರ್ ಹೋಸ್ ಎಲ್ಲಿಯೂ ಉಜ್ಜದಂತೆ, ಎಳೆಯದಂತೆ ನೋಡಬೇಕು. ಎಲ್ಲಾ ಚಕ್ರದಿಂದ ಏರ್ ತೆಗೆಯಬೇಕು. ಆಮೇಲೆ ಮುಖ್ಯವಾದದ್ದು, ಜೋರಾಗಿ ಒತ್ತಿದಾಗ ಹಿಂದಿನ ಚಕ್ರ ಮೊದಲು ಲಾಕ್ ಆಗಬಾರದು. ಹಾಗೇನಾದರೂ ಆದರೆ ಜೀಪು ಗಿರಕಿ ಹೊಡೆಯುತ್ತದೆ. ಇಷ್ಟನ್ನು ನಾವು ಗದ್ದೆ ಬಯಲಲ್ಲಿ ಓಡಿಸಿ, ಕಣ್ಣಿಂದ ನೋಡಿ ಅಂದಾಜು ಮಾಡುತ್ತೇವೆ. ನಿಮ್ಮ ಹತ್ತಿರ ಚಕ್ರವನ್ನು ಉರುಳೆಗಳ ಮೇಲೆ ತಿರುಗಿಸಿ ಬ್ರೇಕಿನ ಬಲ ಅಳೆಯುವ ರೋಲರ್ ಬ್ರೇಕ್ ಟೆಸ್ಟರ್ ಇದ್ದರೆ ಎಡ ಎಷ್ಟು, ಬಲ ಎಷ್ಟು, ಮುಂದೆ ಎಷ್ಟು, ಹಿಂದೆ ಎಷ್ಟು ಅಂತ ನಿಮಿಷದಲ್ಲಿ ಅಂಕಿ ಬರುತ್ತದೆ. ಆ ಅಂಕಿಯೇ ನಮಗೆ ಬೇಕಾಗಿರುವುದು. ಆದರೆ ಡಿಸ್ಕ್ ಹಾಕಿದ ಜೀಪನ್ನು ತಾನಾಗಿ ನಿಮ್ಮ ಕಚೇರಿಗೆ ಯಾರು ತರುತ್ತಾರೆ? ತಂದರೆ 5,000 ದಂಡ ಬೀಳಬಹುದು ಅಂತ ಹೆದರಿಕೆ. ತರದಿದ್ದರೆ ಏನೂ ಇಲ್ಲ.

ನಡೆದದ್ದೊಂದು ಹೇಳುತ್ತೇನೆ. ಯಾವ ಕಚೇರಿ ಅಂತ ಹೇಳುವುದಿಲ್ಲ, ಅಲ್ಲಿದ್ದವರ ಮೇಲೆ ನನಗೆ ಸಿಟ್ಟೂ ಇಲ್ಲ. ಆರ್‌ಸಿ ನವೀಕರಣಕ್ಕೆ ಜೀಪು ತೆಗೆದುಕೊಂಡು ಹೋಗಿದ್ದೆ. ಸೀಟಿನ ಹಿಂದೆ ಗಟ್ಟಿ ಪೈಪಿನ ರೋಲ್ ಬಾರ್ ಇತ್ತು. ಇಳಿಜಾರಿನ ತೋಟದ ದಾರಿಯಲ್ಲಿ ಜೀಪು ಮಗುಚಿದರೆ ಟಾರ್ಪಾಲಿನ ಹುಡ್ಡು ಯಾರ ತಲೆಯನ್ನೂ ಕಾಯುವುದಿಲ್ಲ, ಅದಕ್ಕೆ ಹಾಕಿಸಿದ್ದು. ಅದನ್ನು ಬಿಚ್ಚಿ ತರಬೇಕು ಅಂದರು. ಬಿಚ್ಚಿ ತಂದೆ. ಪಾಸಾಯಿತು. ಪಕ್ಕದಲ್ಲೇ ಇನ್ನೊಂದು ಜೀಪು ನಿಂತಿತ್ತು. ಹೊಸ ಬಣ್ಣ, ಹೊಸ ಹುಡ್ಡು. ಕೆಳಗೆ ಬಗ್ಗಿ ನೋಡಿದರೆ ಸ್ಟೇರಿಂಗ್ ಬಾಕ್ಸ್ ಕೂರುವ ಜಾಗದಲ್ಲಿ ಚಾಸಿ ಬಿರುಕು ಬಿಟ್ಟಿತ್ತು, ಬಿರುಕಿನ ಮೇಲೇ ಬಣ್ಣ ಬಳಿದಿದ್ದರು. ಅದೂ ಪಾಸಾಯಿತು. ಹೊರಗೆ ಥಳಕು, ಒಳಗೆ ಹುಳುಕು ಅನ್ನುತ್ತಾರಲ್ಲ, ಹಾಗೆ. ಜೀಪಿನ ಅಡಿಗೆ ಬಗ್ಗಿ ನೋಡೋಕೆ ಆ ಕಚೇರಿಯಲ್ಲಿ ಒಂದು ಗುಂಡಿಯೂ ಇರಲಿಲ್ಲ, ಟಾರ್ಚೂ ಇರಲಿಲ್ಲ. ಅಧಿಕಾರಿಯನ್ನು ಬೈದು ಏನು ಪ್ರಯೋಜನ?

ಹಳೇ ಜೀಪಿನಲ್ಲಿ ನೋಡಬೇಕಾದ ಜಾಗಗಳು ಕೆಲವೇ. ಸ್ಪ್ರಿಂಗ್ ಹ್ಯಾಂಗರ್ ಸುತ್ತ, ಸ್ಟೇರಿಂಗ್ ಬಾಕ್ಸಿನ ಸುತ್ತ ಚಾಸಿ ಬಿರುಕು ಬಿಡುತ್ತದೆ. ಸರಿಯಾಗಿ ರಿಪೇರಿ ಮಾಡುವವನು ಬಿರುಕಿನ ತುದಿ ಹುಡುಕಿ ಅಲ್ಲೊಂದು ಸಣ್ಣ ತೂತು ಕೊರೆಯುತ್ತಾನೆ, ಬಿರುಕು ಮುಂದೆ ಓಡದಿರಲಿ ಅಂತ. ಆಮೇಲೆ ಗ್ರೈಂಡ್ ಮಾಡಿ, ಬೆಸುಗೆ ಹಾಕಿ, ಮೇಲೆ ಮೂಲೆ ಗುಂಡಗೆ ಮಾಡಿದ ಪ್ಲೇಟ್ ಇಡುತ್ತಾನೆ. ಬೇಜವಾಬ್ದಾರಿ ಮನುಷ್ಯ ನೇರ ಬಿರುಕಿನ ಮೇಲೇ ಒಂದು ಗೆರೆ ಎಳೆದು ಬಣ್ಣ ಹೊಡೆಯುತ್ತಾನೆ. ಎರಡಕ್ಕೂ ವ್ಯತ್ಯಾಸ ನೋಡಿದ ಕೂಡಲೇ ಗೊತ್ತಾಗುತ್ತದೆ. ಕಿಂಗ್ ಪಿನ್ ಬೇರಿಂಗ್ ಸಡಿಲವಾಗಿದೆಯಾ ಅಂತ ತಿಳಿಯೋಕೆ ಮುಂದಿನ ಚಕ್ರ ಎತ್ತಿ ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿದರೆ ಸಾಕು. ಆ ಸಡಿಲದಿಂದಲೇ ರಸ್ತೆಯಲ್ಲಿ ಸ್ಟೇರಿಂಗ್ ಗಡಗಡ ಅಂತ ಕೈ ತಪ್ಪಿಸುವುದು.

ಇನ್ನು ನಮ್ಮವರ ತಪ್ಪು. ಪತ್ರ ಬಹಿರಂಗವಾಗಿರುವುದರಿಂದ ಅವರಿಗೂ ಕೇಳಿಸಲಿ.

ಎತ್ತರದ ಹುಚ್ಚು ಜಾಸ್ತಿ ಆಗಿದೆ. ಸ್ಪ್ರಿಂಗನ್ನು ಚಾಸಿಗೆ ಹಿಡಿಸುವ ಶ್ಯಾಕಲ್ ಉದ್ದದ್ದು ಹಾಕಿ ಜೀಪನ್ನು ಎತ್ತಿಬಿಡುತ್ತಾರೆ. ಎತ್ತಿದ ಮೇಲೆ ಮುಂದಿನ ಆಕ್ಸಲ್ಲಿನ ಕೋನ ಬದಲಾಗುತ್ತದೆ, ಸ್ಟೇರಿಂಗ್ ಅಲೆಯುತ್ತದೆ. ಸ್ಟೇರಿಂಗಿನಿಂದ ಚಕ್ರದ ಕಡೆ ಹೋಗುವ ಡ್ರ್ಯಾಗ್ ಲಿಂಕ್ ಓರೆಯಾಗಿ, ಗುಂಡಿಗೆ ಬಿದ್ದಾಗೆಲ್ಲ ಚಕ್ರ ತಾನೇ ತಿರುಗುತ್ತದೆ. ಎಂಜಿನ್ನಿನ ಬಲವನ್ನು ಆಕ್ಸಲ್ಲಿಗೆ ಒಯ್ಯುವ ಪ್ರೊಪೆಲ್ಲರ್ ಶಾಫ್ಟಿನ ಕ್ರಾಸ್ ಬೇಗ ಹೋಗುತ್ತದೆ. ಬ್ರೇಕ್ ಹೋಸ್ ಬಿಗಿಯಾಗಿ ಎಳೆಯುತ್ತದೆ. ಜೀಪು ಮೊದಲೇ ಎತ್ತರ, ಇನ್ನೂ ಎತ್ತಿದರೆ ತಿರುವಿನಲ್ಲಿ ಮಗುಚೋಕೆ ಸುಲಭ. ದೊಡ್ಡ ಟೈರಿನ ಲೆಕ್ಕವನ್ನೂ ನೋಡಿ. ಜಿಪ್ಸಿಗೆ ಕಂಪನಿ ಕೊಟ್ಟಿದ್ದ 205/70 ಆರ್15 ಟೈರಿನ ಎತ್ತರ ಸುಮಾರು 67 ಸೆಂ.ಮೀ. ಅದರ ಜಾಗದಲ್ಲಿ 235/75 ಆರ್15 ಹಾಕಿದರೆ 73 ಸೆಂ.ಮೀ. ದಾಟುತ್ತದೆ. ಆಕ್ಸಲ್ ಕೆಳಗೆ ಸಿಗುವ ಲಾಭ ಬರೀ 3 ಸೆಂ.ಮೀ. ಚಿಲ್ಲರೆ. ಆದರೆ ಮೀಟರ್ 60 ತೋರಿಸುವಾಗ ನಿಜವಾಗಿ ಓಡುವುದು 66ರಲ್ಲಿ. ಅದೇ ಹಳೇ ಬ್ರೇಕು ದೊಡ್ಡ, ಭಾರದ ಚಕ್ರವನ್ನು ಹಿಡಿಯಬೇಕು. ಇದೆಲ್ಲ ಸರಿಮಾಡಿ ಟೈರು ಹಾಕುವವರು ಇದ್ದಾರೆ. ಬರೀ ಟೈರು ಹಾಕಿ ಫೋಟೊ ತೆಗೆಸಿಕೊಳ್ಳುವವರು ಜಾಸ್ತಿ.

ಎದುರಿಗೆ ಬರುವವನ ಕಣ್ಣು ಕುರುಡು ಮಾಡುವ ಎಲ್‌ಇಡಿ ಬಾರ್, ಕತ್ತರಿಸಿದ ಸೈಲೆನ್ಸರ್, ಇವುಗಳ ಪರವಾಗಿ ನನ್ನದು ಒಂದು ಮಾತೂ ಇಲ್ಲ. ದಂಡ ಹಾಕಿ. 2017ರ ಡಿಸೆಂಬರ್‌ನಲ್ಲಿ ಕೇಂದ್ರ ಸಾರಿಗೆ ಸಚಿವಾಲಯ ಬಂಪರಿನ ಮುಂದೆ ಹಾಕುವ ಕಬ್ಬಿಣದ ಬುಲ್ ಬಾರ್ ಬೇಡ ಅಂತ ರಾಜ್ಯಗಳಿಗೆ ಬರೆದದ್ದೂ ಸರಿಯೇ. ನಡೆದು ಹೋಗುವವನಿಗೆ ಆ ಕಬ್ಬಿಣ ತಾಗಿದರೆ ಉಳಿಯುವುದು ಕಷ್ಟ. ಆದರೆ ಎಳೆಯೋಕೆ ಬೇಕಾದ ಕೊಂಡಿಯನ್ನೂ ಬುಲ್ ಬಾರ್ ಲೆಕ್ಕಕ್ಕೆ ಸೇರಿಸಬೇಡಿ. ಕೆಸರಿನಲ್ಲಿ ಹೂತ ಗಾಡಿಗೆ ಹಗ್ಗ ಕಟ್ಟೋಕೆ ಗಟ್ಟಿ ಜಾಗ ಇಲ್ಲದೆ ಬಂಪರಿಗೇ ಕಟ್ಟಿ, ಅದು ಕಿತ್ತು ಹಾರಿದರೆ ಹತ್ತಿರ ನಿಂತವನ ಪ್ರಾಣಕ್ಕೇ ಅಪಾಯ. ಪಂಜಾಬ್-ಹರಿಯಾಣ ಗಡಿಯ ಡಬ್ವಾಲಿ ಕಡೆಯಿಂದ ತರಿಸುವ ಥಳಥಳ ಜೀಪುಗಳ ವಿಷಯವೂ ಬೇರೆ. ಚಾಸಿ ನಂಬರು ಒಂದು, ಕಾಗದ ಇನ್ನೊಂದು ಇದ್ದರೆ ಅದು ರಿಪೇರಿಯ ಪ್ರಶ್ನೆಯೇ ಅಲ್ಲ, ಪೊಲೀಸರ ಕೆಲಸ.

ಹಳೇ ಗಾಡಿ ಬಿಟ್ಟು ಹೊಸದು ತಗೊಳ್ಳಿ ಅನ್ನುವವರಿದ್ದಾರೆ. ನವೀಕರಣದ ಶುಲ್ಕವೂ ಅದನ್ನೇ ಹೇಳುತ್ತದೆ. ಕಾರು, ಜೀಪಿಗೆ 600 ರೂಪಾಯಿ ಇದ್ದದ್ದು 2022ರ ಏಪ್ರಿಲ್‌ನಿಂದ 5,000 ಆಯಿತು. 2025ರ ಆಗಸ್ಟ್‌ನಿಂದ 20 ವರ್ಷ ದಾಟಿದ ಗಾಡಿಗೆ 10,000. ಕಟ್ಟುತ್ತೇವೆ. 10,000 ಕಟ್ಟಿಸಿಕೊಂಡ ಮೇಲೆ ಅಡಿಗೆ ಬಗ್ಗಿ ನೋಡುವಷ್ಟಾದರೂ ಮಾಡಿ ಅನ್ನುವುದು ದೊಡ್ಡ ಬೇಡಿಕೆ ಅಲ್ಲ, ಅಲ್ವಾ? ವಿಂಟೇಜ್ ಅಂತ ಮಾಡಿಸಿ ಅಂದರೆ, 2021ರ ಆ ನಿಯಮ 50 ವರ್ಷ ದಾಟಿದ, ಮೂಲ ರೂಪದಲ್ಲೇ ಉಳಿದ ಗಾಡಿಗೆ ಮಾತ್ರ. ಅವನ್ನು ದಿನಬಳಕೆಗೆ ಓಡಿಸುವ ಹಾಗಿಲ್ಲ. ನಮ್ಮ ಜೀಪು ಗೊಬ್ಬರ ಹೊರುವ ಗಾಡಿ.

ಬೇರೆ ದೇಶಗಳಲ್ಲಿ ಇದಕ್ಕೆ ದಾರಿ ಮಾಡಿದ್ದಾರೆ. ಆಸ್ಟ್ರೇಲಿಯಾದಲ್ಲಿ ಹಗುರ ವಾಹನಗಳ ಮಾರ್ಪಾಡಿಗೆ ಅಂತಲೇ ಒಂದು ರಾಷ್ಟ್ರೀಯ ಸಂಹಿತೆ ಇದೆ. ಸಣ್ಣ ಬದಲಾವಣೆಗೆ ಯಾರ ಸಹಿಯೂ ಬೇಡ, ದೊಡ್ಡದಕ್ಕೆ ಎಂಜಿನಿಯರ್ ಪರೀಕ್ಷೆ ಮಾಡಿ ಸಹಿ ಹಾಕಬೇಕು. ಬ್ರಿಟನ್ನಿನಲ್ಲಿ 2025ರವರೆಗೆ ಅಂಕದ ಲೆಕ್ಕ ಇತ್ತು. ಮೂಲ ಚಾಸಿಗೆ 5, ಸ್ಟೇರಿಂಗ್, ಸಸ್ಪೆನ್ಷನ್, ಆಕ್ಸಲ್, ಗೇರ್‌ಬಾಕ್ಸಿಗೆ 2 ಅಂಕ ಒಂದೊಂದಕ್ಕೂ, ಎಂಜಿನ್ನಿಗೆ 1. ಮೂಲ ಚಾಸಿಯೂ ಸೇರಿ 8 ಅಂಕ ಉಳಿದರೆ ಹಳೇ ನಂಬರು ಉಳಿಯುತ್ತಿತ್ತು. ಇಲ್ಲದಿದ್ದರೆ ಬೇರೆ ಪರೀಕ್ಷೆಗೆ ನಿಲ್ಲಬೇಕಿತ್ತು. ಅದನ್ನೇ ಎತ್ತಿ ತನ್ನಿ ಅನ್ನುತ್ತಿಲ್ಲ. ನಮ್ಮ ಕಾಯ್ದೆಯಲ್ಲೂ ಬೀಜ ಇದೆ. ಅಂಗವಿಕಲರಿಗಾಗಿ ಗಾಡಿ ಬದಲಾಯಿಸೋಕೆ ನೋಂದಣಿ ಅಧಿಕಾರಿ ಒಪ್ಪಿಗೆ ಕೊಡಬಹುದು ಅಂತ 52ನೇ ಸೆಕ್ಷನ್ನಿನಲ್ಲೇ ಇದೆ. ಬೇರೆ ನಿರ್ದಿಷ್ಟ ಉದ್ದೇಶಗಳಿಗೆ ವಿನಾಯಿತಿ ಕೊಡುವ ಅಧಿಕಾರ ಕೇಂದ್ರಕ್ಕಿದೆ. ಗುಡ್ಡಗಾಡಿನ ಬಳಕೆಯ ಜೀಪನ್ನು ಅಂಥ ಒಂದು ಉದ್ದೇಶ ಅಂತ ಕರ್ನಾಟಕ ಕೇಳಬಹುದು. ಕೊಡಗು, ಹಾಸನ, ಚಿಕ್ಕಮಗಳೂರು, ಶಿವಮೊಗ್ಗ ಜಿಲ್ಲೆಗಳಿರುವ ರಾಜ್ಯ ಕೇಳದೆ ಇನ್ನಾರು ಕೇಳಬೇಕು? ಮಾಂದಲ್‌ಪಟ್ಟಿಗೆ, ಕೊಡಚಾದ್ರಿಗೆ, ಹೆಬ್ಬೆ ಜಲಪಾತಕ್ಕೆ ಪ್ರವಾಸಿಗರು ಹತ್ತುವುದೂ ಜೀಪುಗಳಲ್ಲೇ. ಆ ಜೀಪುಗಳ ಬ್ರೇಕು ಹೇಗಿದೆ ಅನ್ನುವುದು ಬೆಂಗಳೂರಿನಿಂದ ಬಂದು ಹಿಂದೆ ಕೂತವರಿಗೂ ಸಂಬಂಧಪಟ್ಟ ವಿಷಯ.

ಕೇಂದ್ರಕ್ಕೆ ಬರೆದು ಉತ್ತರ ಬರೋಕೆ ಹೊತ್ತು ಬೇಕು. ಅಲ್ಲಿಯವರೆಗೆ ನಿಮ್ಮ ಕೈಯಲ್ಲೇ ಇರುವ ಕೆಲಸಗಳಿವೆ. ಮೊದಲನೆಯದು ಸುತ್ತೋಲೆ. ಅದೇ ಅಳತೆಯ, ಅದೇ ಕೆಲಸದ ಭಾಗ ಬದಲಿಸುವುದು, ಚಾಸಿಯ ರಿಪೇರಿ, ಸಿಗದ ಭಾಗದ ಬದಲು ಅದೇ ಕಂಪನಿಯ ನಂತರದ ಭಾಗ ಹಾಕುವುದು, ಇವು ರಿಪೇರಿ ಅಂತ ಕಾನೂನು ಬಲ್ಲವರನ್ನು ಕೇಳಿ ಬರೆಸಿ. ಬ್ರೇಕ್ ಲೈನು ಎರಡು ಮಾಡಿದ್ದು, ಡಿಸ್ಕ್ ಹಾಕಿದ್ದು, ರೋಲ್ ಬಾರ್, ಇವು ಯಾವ ಕಡೆ ಬೀಳುತ್ತವೆ ಅಂತ ನೀವೇ ತೀರ್ಮಾನಿಸಿ. ನಮಗೆ ಒಪ್ಪಿಗೆ ಆಗದಿದ್ದರೂ ಚಿಂತೆ ಇಲ್ಲ, ಎಲ್ಲ ಕಚೇರಿಯಲ್ಲೂ ಒಂದೇ ಉತ್ತರ ಇರಲಿ. ಎತ್ತರಕ್ಕೆ, ಟೈರಿಗೆ ಒಂದು ಮಿತಿ ಹಾಕಿ. ಆಮೇಲೆ, ಮಲೆನಾಡಿನ ಕಚೇರಿಗಳಿಗೆ ಒಂದೊಂದು ಗುಂಡಿ ತೋಡಿಸಿ, ಒಳ್ಳೆ ದೀಪ ಕೊಡಿ, ಒಂದು ರೋಲರ್ ಬ್ರೇಕ್ ಟೆಸ್ಟರ್ ಕೊಡಿ. ಎಲ್ಲ ಕಡೆ ಆಗದಿದ್ದರೆ ಒಂದು ಕಡೆ ಇಟ್ಟರೂ ಸಾಕು, ನಾವು ಅಲ್ಲಿಗೇ ಬರುತ್ತೇವೆ.

ಮನೆಯಲ್ಲಿ ಕೆಲಸ ಮಾಡುವವನಿಂದಲೂ ಕಾಗದ ಕೇಳಿ. ಯಾವ ಭಾಗ, ಎಲ್ಲಿಂದ ತಂದದ್ದು, ಬಿಲ್ಲು, ಬೆಸುಗೆ ಹಾಕುವ ಮೊದಲಿನ ಫೋಟೊ, ಆಮೇಲಿನ ಫೋಟೊ. ಸರಿಯಾಗಿ ಮಾಡಿದವನ ಹತ್ತಿರ ಇವು ಇರುತ್ತವೆ. ಜಾಕಿಯೊಂದರ ಮೇಲೇ ಜೀಪು ನಿಲ್ಲಿಸಿ ಕೆಳಗೆ ನುಗ್ಗುವವನ ಹತ್ತಿರ ಇರುವುದಿಲ್ಲ.

ಒಂದು ಸಲಹೆ ಕೊಟ್ಟು ಮುಗಿಸುತ್ತೇನೆ. ಮಳೆಗೆ ಮೊದಲು, ಮೇ ತಿಂಗಳಲ್ಲಿ, ಸಕಲೇಶಪುರದಲ್ಲೋ ಮೂಡಿಗೆರೆಯಲ್ಲೋ ಒಂದು ದಿನದ ಪರೀಕ್ಷಾ ಶಿಬಿರ ಇಡಿ. ಆ ದಿನ ದಂಡ ಇಲ್ಲ ಅಂತ ಮೊದಲೇ ಹೇಳಿ. ನಾವು ಜೀಪು ತರುತ್ತೇವೆ, ರೋಲ್ ಬಾರ್ ಬಿಚ್ಚದೆ, ಡಿಸ್ಕ್ ಮುಚ್ಚದೆ. ನೀವು ಬ್ರೇಕ್ ಇನ್‌ಸ್ಪೆಕ್ಟರುಗಳನ್ನು ಕಳಿಸಿ. ಹತ್ತಿರದ ಎಂಜಿನಿಯರಿಂಗ್ ಕಾಲೇಜಿನ ಮೆಕ್ಯಾನಿಕಲ್ ವಿಭಾಗದವರನ್ನೂ ಕರೆಯಿರಿ. ಯಾವುದು ರಸ್ತೆಗೆ ಇಳಿಯಬಾರದು ಅಂತ ಕಾಣುತ್ತದೋ ಅದನ್ನು ಅಲ್ಲೇ ನಿಲ್ಲಿಸಿ, ಸರಿಮಾಡಿಕೊಂಡು ಬರೋಕೆ ಗಡುವು ಕೊಡಿ. ಅಲ್ಲಿ ಸಿಕ್ಕ ಅಂಕಿಗಳನ್ನು ಇಟ್ಟುಕೊಂಡು ಸುತ್ತೋಲೆ ಬರೆಯಿರಿ. ಜಾಗ, ಶಾಮಿಯಾನ, ಮಧ್ಯಾಹ್ನದ ಊಟದ ವ್ಯವಸ್ಥೆ ನಮ್ಮದು. ದಿನಾಂಕ ಮಾತ್ರ ನೀವು ಹೇಳಬೇಕು.

ಇತಿ,
ಸಕಲೇಶಪುರ ತಾಲೂಕಿನ ಒಬ್ಬ ಕಾಫಿ ಬೆಳೆಗಾರ